ಹೊಲದ ಮೇಲಿನ ತಂತಿ, ಮಿದ್ದೆಯ ಮೇಲಿನ ಬಿಸಿಲು



1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಇದು ನಿಮ್ಮಲ್ಲಿ ಬಹುಮಂದಿಗೆ ಗೊತ್ತಿರುವ ವಿಷಯ. ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಇದನ್ನು ಕೇಳದೆ ಬಿಟ್ಟವರಿಲ್ಲ. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆ ತಂತಿ ಕೋಲಾರ ಜಿಲ್ಲೆಯ ಹೊಲಗಳ ಮೇಲೆ ಹಾದುಹೋಯಿತಲ್ಲ, ಹೊಲದ ಪಕ್ಕದ ಹಳ್ಳಿಯ ಮನೆಗೆ ದೀಪ ಬಂದದ್ದು ಎಷ್ಟು ವರ್ಷದ ಮೇಲೆ?

ಈ ಸಂಚಿಕೆಯ ವಿಷಯ ಮನೆಯ ಮಾಳಿಗೆಯ ಮೇಲೆ ತಯಾರಾಗುವ ಸೌರವಿದ್ಯುತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಊರುಗಳಲ್ಲಿ ನೀಲಿ ಬಣ್ಣದ ಸೌರಫಲಕಗಳನ್ನು ನೀವು ನೋಡಿರುತ್ತೀರಿ. ಇಲ್ಲಿನವರು ಮಾಳಿಗೆಗೆ ಮಿದ್ದೆ ಎನ್ನುತ್ತಾರೆ. ಆ ಮಿದ್ದೆಯ ಕಥೆ ಅರ್ಥವಾಗಬೇಕಾದರೆ ಮೊದಲು ಆ ತಂತಿಯ ಕಥೆ ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ.

ಚಿನ್ನದ ಗಣಿಗಳಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಿಂದ ಕೆಲಸ ಆರಂಭಿಸಿತು. ಅದಿರನ್ನು ಮೇಲೆತ್ತಲು, ಕುಟ್ಟಿ ಪುಡಿ ಮಾಡಲು, ಆಳದ ನೀರನ್ನು ಹೊರಹಾಕಲು ಉಗಿಯಂತ್ರಗಳೇ ಗತಿ. ಉಗಿಗೆ ಉರುವಲು ಬೇಕು. ಕೋಲಾರದ ಸುತ್ತ ಕಲ್ಲಿದ್ದಲಿಲ್ಲ. ಬಂಡೆಗುಡ್ಡಗಳ ಸೀಮೆಯಲ್ಲಿ ಸೌದೆಯೂ ಎಷ್ಟೆಂದು ಸಿಕ್ಕೀತು? ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕಾಗಿತ್ತು. ಗಣಿ ಆಳವಾದಷ್ಟೂ ಉರುವಲಿನ ಖರ್ಚು ಏರುತ್ತಾ ಹೋಯಿತು.

ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಎಂಜಿನಿಯರ್ ಮೇಜರ್ ಜೋಲಿ ಡಿ ಲಾಟ್‌ಬಿನಿಯರ್ ಅವರು ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತು ತೆಗೆದು ಗಣಿಗೆ ಒಯ್ಯುವ ಯೋಜನೆ ಮುಂದಿಟ್ಟರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಅದರ ಬೆನ್ನಿಗೆ ನಿಂತರು. ನಯಾಗರ ಜಲಪಾತದ ವಿದ್ಯುತ್ತು 26 ಮೈಲಿ ದೂರದ ಬಫಲೋ ನಗರವನ್ನು ಮುಟ್ಟಿದ್ದು 1896ರಲ್ಲಿ. ಅದಾದ ಆರೇ ವರ್ಷಕ್ಕೆ 92 ಮೈಲಿಯ ಸಾಹಸ! ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಮದ್ದೂರಿನವರೆಗೆ ರೈಲಿನಲ್ಲಿ ಬಂದ ಭಾರವಾದ ಭಾಗಗಳನ್ನು ಅಲ್ಲಿಂದ ಎತ್ತಿನಗಾಡಿಗಳೂ ಆನೆಗಳೂ ಎಳೆದವು. ತಲಾ 720 ಕಿಲೋವ್ಯಾಟಿನ ಆರು ಜನರೇಟರುಗಳು. ಇದನ್ನೆಲ್ಲ ಸಾಧ್ಯವಾಗಿಸಿದ ಶೇಷಾದ್ರಿ ಅಯ್ಯರ್ ಅವರು 1901ರಲ್ಲೇ ತೀರಿಕೊಂಡಿದ್ದರು. ತಂತಿಯಲ್ಲಿ ವಿದ್ಯುತ್ತು ಹರಿದದ್ದನ್ನು ಅವರು ನೋಡಲಿಲ್ಲ. (ಶಿವನಸಮುದ್ರ ಎಂದ ಕೂಡಲೇ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಬರೆಯುವ ವಿದ್ಯಾರ್ಥಿಗಳುಂಟು. ಅವರು ಮೈಸೂರಿನ ಸೇವೆಗೆ ಸೇರಿದ್ದು 1909ರಲ್ಲಿ. ಅವರ ಪಾಲು ಬೇರೆ ಇದೆ, ಮುಂದೆ ಹೇಳುತ್ತೇನೆ.)

ಇಲ್ಲಿ ಸ್ವಲ್ಪ ಭೌತಶಾಸ್ತ್ರ ನೋಡೋಣ. ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ಅದರ ಒಂದು ಪಾಲು ಶಾಖವಾಗಿ ನಷ್ಟವಾಗುತ್ತದೆ. ಈ ನಷ್ಟ ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು. ವೋಲ್ಟೇಜನ್ನು ಎರಡು ಪಟ್ಟು ಮಾಡಿದರೆ ಅಷ್ಟೇ ಶಕ್ತಿಯನ್ನು ಅರ್ಧ ಪ್ರವಾಹದಲ್ಲಿ ಕಳಿಸಬಹುದು. ಆಗ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದಲೇ ಆ ತಂತಿಯಲ್ಲಿ 30 ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಇಟ್ಟರು. ಆ ಕಾಲಕ್ಕೆ ಅದು ಬಹಳ ದೊಡ್ಡದು. ಆದರೆ ಈ ಗುಣವೇ ದಾರಿಯ ಹಳ್ಳಿಗೆ ಅಡ್ಡಿಯೂ ಆಯಿತು. ಅಷ್ಟು ಒತ್ತಡದ ತಂತಿಯಿಂದ ಒಂದು ಗುಡಿಸಿಲಿಗೆ ದೀಪ ಇಳಿಸಬೇಕಾದರೆ ಟ್ರಾನ್ಸ್‌ಫಾರ್ಮರು ಬೇಕು, ಹಂಚುವ ಕಂಬಗಳು ಬೇಕು, ಬಿಲ್ಲು ಕಟ್ಟುವ ಗಿರಾಕಿ ಬೇಕು.

ಆ ಗಿರಾಕಿಯ ಮಾತೇ ಮುಖ್ಯ. ಸಂಸ್ಥಾನದ ಸರ್ಕಾರ ದೊಡ್ಡ ಬಂಡವಾಳ ಹಾಕುವ ಧೈರ್ಯ ಮಾಡಿದ್ದು ಏಕೆಂದರೆ, ಇಷ್ಟು ವರ್ಷ ಇಷ್ಟು ಅಶ್ವಶಕ್ತಿಯನ್ನು ಕೊಂಡೇ ಕೊಳ್ಳುತ್ತೇವೆಂದು ಗಣಿಯವರು ಮೊದಲೇ ಕರಾರು ಮಾಡಿಕೊಂಡಿದ್ದರು. ಕರಾರು ಇದ್ದ ಕಡೆಗೆ ತಂತಿ ಹೋಯಿತು. ಬೆಂಗಳೂರಿನ ಬೀದಿಗೆ 1905ರ ಆಗಸ್ಟ್ 5ರಂದು ದೀಪ ಬಂತು, ಮೈಸೂರಿಗೆ 1908ರಲ್ಲಿ. ಹಳ್ಳಿಯವರೊಡನೆ ಕರಾರು ಮಾಡಿಕೊಳ್ಳುವವರು ಯಾರೂ ಇರಲಿಲ್ಲ. ಹೊಲದಲ್ಲಿ ನೇಗಿಲು ಹಿಡಿದವನ ತಲೆಯ ಮೇಲೆ ಏಷ್ಯಾದ ಅತಿ ಉದ್ದದ ವಿದ್ಯುತ್ ಮಾರ್ಗ. ಸಂಜೆ ಅವನ ಮನೆಯಲ್ಲಿ ಹರಳೆಣ್ಣೆಯ ಹಣತೆ, ಆಮೇಲೆ ಸೀಮೆಎಣ್ಣೆಯ ಬುಡ್ಡಿ.

ವಿಶ್ವೇಶ್ವರಯ್ಯನವರ ಪಾಲು ಯಾವುದು ಎಂದರೆ, ನೀರಿನ ಸಂಗ್ರಹ. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು, ಗಣಿಗೆ ವರ್ಷವಿಡೀ ಒಂದೇ ಸಮನೆ ವಿದ್ಯುತ್ತು ಬೇಕಾಗಿತ್ತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಗಲು ನೀರಾವರಿಯ ಜೊತೆಗೆ ಇದೂ ಒಂದು ಪ್ರಬಲ ಕಾರಣ. ನದಿಗೆ ಬೇಸಿಗೆಯ ತೊಂದರೆ ಇದ್ದಂತೆ ಸೂರ್ಯನಿಗೆ ರಾತ್ರಿಯ ತೊಂದರೆ. ಈ ಹೋಲಿಕೆಯನ್ನು ನೆನಪಿಡಿ. ಮುಂದೆ ಬ್ಯಾಟರಿಯ ಮಾತು ಬಂದಾಗ ಉಪಯೋಗಕ್ಕೆ ಬರುತ್ತದೆ.

ಹಳ್ಳಿಗಳಿಗೆ ವಿದ್ಯುತ್ತು ದೊಡ್ಡ ಪ್ರಮಾಣದಲ್ಲಿ ಹರಿದದ್ದು ಸ್ವಾತಂತ್ರ್ಯದ ನಂತರ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು, ನಾವೆಲ್ಲ ಕೆ.ಇ.ಬಿ. ಎಂದು ಕರೆದದ್ದು ಅದನ್ನೇ. ಸದಾ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಈ ಜಿಲ್ಲೆಯಲ್ಲಿ ಹಳ್ಳಿಯ ವಿದ್ಯುತ್ತು ಎಂದರೆ ಬಹುಮಟ್ಟಿಗೆ ಬಾವಿಯ ಪಂಪ್‌ಸೆಟ್ಟು. ಒಂದು ಸ್ವಾರಸ್ಯ ಗಮನಿಸಿ. 1997ರವರೆಗೆ ನಮ್ಮ ದೇಶದ ಸರ್ಕಾರಿ ಲೆಕ್ಕದಲ್ಲಿ, ಗ್ರಾಮದ ಕಂದಾಯ ಗಡಿಯೊಳಗೆ ಎಲ್ಲಿಯಾದರೂ, ಯಾವ ಕೆಲಸಕ್ಕಾದರೂ ವಿದ್ಯುತ್ತು ಬಳಕೆಯಾದರೆ ಆ ಗ್ರಾಮ ವಿದ್ಯುದೀಕರಣಗೊಂಡಂತೆಯೇ! ತೋಟದ ಒಂದು ಪಂಪು ಸಾಕಿತ್ತು. ಊರೊಳಗೆ ಒಂದು ಬಲ್ಬೂ ಉರಿಯಬೇಕಾಗಿರಲಿಲ್ಲ. ಕನಿಷ್ಠ ಶೇಕಡ 10ರಷ್ಟು ಮನೆಗಳಿಗಾದರೂ ಸಂಪರ್ಕ ಇರಬೇಕೆಂಬ ನಿಯಮ ಬಂದದ್ದು 2004ರಲ್ಲಿ. ಅಂದರೆ ಲೆಕ್ಕದ ಪುಸ್ತಕಕ್ಕೆ 'ಮನೆ' ಪ್ರವೇಶಿಸಿದ್ದೇ ಇತ್ತೀಚೆಗೆ.

ನಮ್ಮ ರಾಜ್ಯ ಅದಕ್ಕೂ ಮೊದಲೇ ಮನೆಯ ಕಡೆ ನೋಡಿತ್ತೆನ್ನುವುದನ್ನು ಮರೆಯಬಾರದು. ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕವನ್ನು ಸರ್ಕಾರದ ಖರ್ಚಿನಲ್ಲಿ ಕೊಡುವ 'ಭಾಗ್ಯಜ್ಯೋತಿ' ಯೋಜನೆ 1970ರ ದಶಕದ ಕೊನೆಗೆ ಬಂತು. ಆ ಒಂದು 40 ವ್ಯಾಟಿನ ಬಲ್ಬಿನ ಕೆಳಗೆ ಓದಿ ಎಸ್.ಎಸ್.ಎಲ್.ಸಿ. ಮುಗಿಸಿದವರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಪಂಪಿಗೂ ಮನೆಗೂ ಒಂದೇ ತಂತಿ. ಹೊಲಕ್ಕೆ ಕರೆಂಟು ನಿಲ್ಲಿಸಿದರೆ ಮನೆಗೂ ನಿಂತಂತೆ. ಈ ಎರಡು ಮಾರ್ಗಗಳನ್ನು ಬೇರ್ಪಡಿಸುವ 'ನಿರಂತರ ಜ್ಯೋತಿ' ಯೋಜನೆ ಶುರುವಾದದ್ದು 2008ರ ಹೊತ್ತಿಗೆ. ಅಲ್ಲಿಯವರೆಗೂ ಪರೀಕ್ಷೆಯ ಕಾಲದಲ್ಲಿ ದೀಪ ಹೋಗುವುದು ಹಳ್ಳಿಯ ವಿದ್ಯಾರ್ಥಿಗೆ ಮಾಮೂಲು.

ಈಗ ಕಥೆಯ ಎರಡನೆಯ ಎಳೆಗೆ ಬರೋಣ. ಸಿಲಿಕಾನಿನಿಂದ ಮಾಡಿದ, ಕೆಲಸಕ್ಕೆ ಬರುವಂಥ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಮೂವರು ವಿಜ್ಞಾನಿಗಳು 1954ರಲ್ಲಿ ತೋರಿಸಿದರು. ಬಿದ್ದ ಬಿಸಿಲಿನ ಶೇಕಡ 6ರಷ್ಟು ಮಾತ್ರ ವಿದ್ಯುತ್ತಾಗುತ್ತಿತ್ತು, ಬೆಲೆಯೋ ಕೇಳುವಂತಿರಲಿಲ್ಲ. ಹೀಗಾಗಿ ಮೊದಲ ಗಿರಾಕಿಗಳು ಉಪಗ್ರಹಗಳು. ನಮ್ಮ 'ಆರ್ಯಭಟ' ಉಪಗ್ರಹ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತಲ್ಲ, ಅದರ ಮೈಮೇಲಿದ್ದ ಸೌರಕೋಶಗಳು ಕೊಡುತ್ತಿದ್ದದ್ದು 46 ವ್ಯಾಟ್. ಇಪ್ಪತ್ತು ವರ್ಷಗಳ ನಂತರ ಕರ್ನಾಟಕದ ಹಳ್ಳಿಮನೆಗಳ ಮೇಲೆ ಕೂತ ಮೊದಲ ಫಲಕಗಳು ಎಷ್ಟು ವ್ಯಾಟಿನವು ಗೊತ್ತೇ? 35, 40 ವ್ಯಾಟಿನವು. ಒಂದು ಉಪಗ್ರಹಕ್ಕೆ ಬೇಕಾದಷ್ಟು ವಿದ್ಯುತ್ತು ಒಂದು ಹಂಚಿನ ಮನೆಗೆ!

1995ರಲ್ಲಿ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಅವರೊಡನೆ ಬೆಂಗಳೂರಿನಲ್ಲಿ 'ಸೆಲ್ಕೋ' ಕಂಪನಿಯನ್ನು ಆರಂಭಿಸಿದರು. ಖರಗ್‌ಪುರದ ಐ.ಐ.ಟಿ.ಯಲ್ಲಿ ಓದಿ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದವರು ಹಂದೆ. ಒಂದು ಫಲಕ, ಒಂದು ಬ್ಯಾಟರಿ, ಎರಡರಿಂದ ನಾಲ್ಕು ದೀಪ. ಇಷ್ಟೇ ಅವರು ಮಾರಿದ ಸಾಮಾನು. ಆದರೆ ಅಷ್ಟಕ್ಕೇ ಆಗ ಹದಿನೈದು ಸಾವಿರ ರೂಪಾಯಿಯ ಆಸುಪಾಸು ಬೇಕಾಗಿತ್ತು. ಕೂಲಿ ಮಾಡುವವನ ಕೈಯಲ್ಲಿ ಹದಿನೈದು ಸಾವಿರ ಒಟ್ಟಿಗೆ ಎಲ್ಲಿಂದ ಬರಬೇಕು? ಆದರೆ ಅದೇ ಮನೆಯವರು ಸೀಮೆಎಣ್ಣೆಗೆ, ಮೇಣದಬತ್ತಿಗೆ, ಟಾರ್ಚಿನ ಶೆಲ್ಲಿಗೆ ದಿನಾಲೂ ಸ್ವಲ್ಪ ಸ್ವಲ್ಪ ಖರ್ಚು ಮಾಡುತ್ತಲೇ ಇದ್ದರು. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕೊಡಬಲ್ಲೆ ಎಂದು ಬೀದಿಬದಿಯ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಹಂದೆಯವರು ಅನೇಕ ಕಡೆ ನೆನೆದಿದ್ದಾರೆ. ಲೆಕ್ಕದಲ್ಲಿ ಎರಡೂ ಒಂದೇ. ಬದುಕಿನಲ್ಲಿ ಒಂದೇ ಅಲ್ಲ.

ಸಿಂಡಿಕೇಟ್ ಬ್ಯಾಂಕು, ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಸಂಸ್ಥೆಗಳು 1990ರ ದಶಕದಲ್ಲೇ ಸೌರದೀಪಕ್ಕೆ ಸಾಲ ಕೊಡಲು ಮುಂದೆ ಬಂದವು. ಎಮ್ಮೆಗೆ, ಎತ್ತಿಗೆ, ಬಾವಿಗೆ ಸಾಲ ಕೊಟ್ಟು ಅನುಭವವಿದ್ದ ಮ್ಯಾನೇಜರಿಗೆ ದೀಪಕ್ಕೆ ಸಾಲ ಕೊಡುವುದು ಹೊಸದು. ದೀಪ ಹಾಲು ಕರೆಯುವುದಿಲ್ಲವಲ್ಲ! 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು ಬಡ್ಡಿ ಕಡಿಮೆ ಮಾಡಿ ಇಂಥ ಸಾಲ ಕೊಡುವ ಯೋಜನೆ ಕೈಗೊಂಡವು. ಕೆಲವೇ ವರ್ಷಗಳಲ್ಲಿ, ಬಹುಪಾಲು ಕರ್ನಾಟಕದಲ್ಲೇ, 19 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಸಾಲ ದೊರೆಯಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗಣಿ ಕಂಪನಿಯ ಕರಾರು 1902ರಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಬ್ಯಾಂಕಿನ ಪಾಸ್‌ಪುಸ್ತಕ ಮಾಡಿತೆಂದು ನಾನು ತಿಳಿಯುತ್ತೇನೆ. ಮೊದಲು ಹಣ ಹಾಕುವವರು ಯಾರು, ಅದು ಮರಳುವುದು ಹೇಗೆ ಎಂಬುದು ಇತ್ಯರ್ಥವಾಗುವ ತನಕ ಎಂಥ ಒಳ್ಳೆಯ ಯಂತ್ರವೂ ಅಂಗಡಿಯಲ್ಲೇ ಉಳಿಯುತ್ತದೆ.

ಕೋಲಾರ ಜಿಲ್ಲೆ ಈ ಚರಿತ್ರೆಯಲ್ಲಿ ಮತ್ತೊಮ್ಮೆ ಮುಂಚೂಣಿಗೆ ಬಂತು. ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 3 ಮೆಗಾವ್ಯಾಟಿನ ಸೌರಸ್ಥಾವರವನ್ನು 2009ರ ಕೊನೆಗೆ ಸಿದ್ಧಪಡಿಸಿತು. ದೇಶದಲ್ಲಿ ಗ್ರಿಡ್ಡಿಗೆ ವಿದ್ಯುತ್ತು ಕೊಡುವ ಅಷ್ಟು ದೊಡ್ಡ ಸೌರಸ್ಥಾವರಗಳಲ್ಲಿ ಅದು ಮೊದಮೊದಲಿನದು. ಚಿನ್ನದ ಗಣಿ 2001ರಲ್ಲಿ ಮುಚ್ಚಿತ್ತು; ಗಣಿಗೆಂದು ತಂತಿ ಎಳೆದ ಅದೇ ಸೀಮೆ ಈಗ ವಿದ್ಯುತ್ತು ಕೊಡುವ ಕಡೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯವರು ಅದರ ಕೆಲಸವನ್ನು ಅಭ್ಯಾಸ ಮಾಡಿ 2011ರಲ್ಲಿ ವರದಿ ಪ್ರಕಟಿಸಿದರು. ಶಿವನಸಮುದ್ರದಲ್ಲೂ 2012ರಲ್ಲಿ 5 ಮೆಗಾವ್ಯಾಟಿನ ಸೌರಸ್ಥಾವರ ಬಂತು. ಹಳೆಯ ಜಲವಿದ್ಯುತ್ ಕೇಂದ್ರ ಇಂದಿಗೂ ನಡೆಯುತ್ತಿದೆ.

ಸ್ಥಾವರಗಳು ದೊಡ್ಡದಾಗುತ್ತಾ ಹೋದವು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ 2019ರ ಕೊನೆಗೆ ಪೂರ್ಣವಾಯಿತು. ರೈತರು ಭೂಮಿಯನ್ನು ಮಾರದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಅದು ಒಳ್ಳೆಯ ಏರ್ಪಾಡೇ. ಆದರೆ ಎಕರೆ ಇದ್ದವನಿಗೆ ಬಾಡಿಗೆ ಬಂತು, ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಬರಲಿಲ್ಲ. ಮಿದ್ದೆಯ ಸೌರವಿದ್ಯುತ್ತಿನ ಆಕರ್ಷಣೆ ಇಲ್ಲೇ ಇರುವುದು. ಅದಕ್ಕೆ ಹೊಲ ಬೇಡ. 92 ಮೈಲಿಯ ತಂತಿಯ ಬದಲು ಮೂವತ್ತು ಅಡಿಯ ತಂತಿ ಸಾಕು. ದಾರಿಯ ನಷ್ಟ ಇಲ್ಲವೆಂದೇ ಹೇಳಬಹುದು.

ಕರ್ನಾಟಕದ ವಿದ್ಯುತ್ ನಿಯಂತ್ರಣ ಆಯೋಗ 2013ರಲ್ಲಿ ಮಾಳಿಗೆಯ ಸೌರವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆಯ ದರ ಗೊತ್ತುಮಾಡಿತು. 2014ರಿಂದ ಬೆಸ್ಕಾಂ 'ನೆಟ್ ಮೀಟರ್' ಅಳವಡಿಸತೊಡಗಿತು. ಇದು ಎರಡೂ ಕಡೆಯ ಲೆಕ್ಕ ಇಡುವ ಮೀಟರು. ಹಗಲು ನಿಮ್ಮ ಫಲಕ ಉತ್ಪಾದಿಸಿ, ನೀವು ಬಳಸಿ ಉಳಿದದ್ದು ಬೀದಿಯ ತಂತಿಗೆ ಹೋಗುತ್ತದೆ. ರಾತ್ರಿ ನಿಮಗೆ ಬೇಕಾದದ್ದು ಬೀದಿಯಿಂದ ಬರುತ್ತದೆ. ತಿಂಗಳ ಕೊನೆಗೆ ಕಳೆದು ಕೂಡಿ ಬಿಲ್ಲು. ಬ್ಯಾಟರಿಯ ಕೆಲಸವನ್ನು ಇಡೀ ಗ್ರಿಡ್ಡೇ ಮಾಡಿದ ಹಾಗೆ, ಕೃಷ್ಣರಾಜಸಾಗರ ಶಿವನಸಮುದ್ರಕ್ಕೆ ಮಾಡಿದ ಹಾಗೆ. ಫಲಕದ ಬೆಲೆ ಇಳಿದಂತೆ ಆಯೋಗ ದರವನ್ನೂ ಇಳಿಸುತ್ತಾ ಬಂದಿದೆ.

ಆದರೆ ಇಲ್ಲೊಂದು ತೊಡಕಿದೆ. ಈ ವಿಷಯದ ಚಿತ್ರೀಕರಣಕ್ಕೆ ನಮ್ಮ ತಂಡ ಶ್ರೀನಿವಾಸಪುರದ ಕಡೆ ಹೋಗಿದ್ದಾಗ ಮಾವಿನ ತೋಪಿನ ಮನೆಯೊಂದರಲ್ಲಿ ಕರೆಂಟು ಹೋಯಿತು. ನೆತ್ತಿಯ ಮೇಲೆ ಸೂರ್ಯ, ಮಿದ್ದೆಯ ಮೇಲೆ ಫಲಕ, ಆದರೂ ಫ್ಯಾನು ನಿಂತಿತು. ಆ ಮನೆಯ ಅಜ್ಜಿ ನನ್ನನ್ನು ಕೇಳಿದರು: "ಕರೆಂಟು ಹೋದ್ರೆ ಇದೂ ಹೋಗುತ್ತೆ ಅಂದ್ರೆ, ಮೇಲೆ ಇಟ್ಟಿರೋದು ಯಾತಕ್ಕೆ ಸ್ವಾಮಿ?" ನ್ಯಾಯವಾದ ಪ್ರಶ್ನೆ. ಉತ್ತರ ಹೀಗೆ. ಫಲಕದಿಂದ ಬರುವುದು ಏಕಮುಖ ವಿದ್ಯುತ್ತು. ಅದನ್ನು ಮನೆಯ ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಸಾಧನ ಇನ್ವರ್ಟರು. ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರು ಬೀದಿಯ ತಂತಿಯ ತಾಳಕ್ಕೆ ತಾಳ ಹಾಕುತ್ತದೆ. ಆ ತಾಳ ನಿಂತ ಕೂಡಲೇ ತಾನೂ ನಿಲ್ಲಬೇಕೆಂಬುದು ಕಡ್ಡಾಯ. ಇಲ್ಲದಿದ್ದರೆ ಕರೆಂಟು ತೆಗೆದಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಕೈಗೆ ನಿಮ್ಮ ಮಿದ್ದೆಯ ವಿದ್ಯುತ್ತು ತಗಲೀತು. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿಯಿರುವ ಬೇರೆ ಬಗೆಯ ಇನ್ವರ್ಟರು ಬೇಕು, ಖರ್ಚು ಹೆಚ್ಚು. 1990ರ ದಶಕದ ಆ ಪುಟ್ಟ ದೀಪವ್ಯವಸ್ಥೆ ಕತ್ತಲಿಗೆ ಉತ್ತರವಾಗಿತ್ತು. ಇಂದಿನ ದೊಡ್ಡ ಫಲಕ ಬಿಲ್ಲಿಗೆ ಉತ್ತರ. ಮಾರಲು ಬರುವವರು ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದಿಲ್ಲ. ನೀವು ಕೇಳಿ ತಿಳಿದುಕೊಳ್ಳಿ.

ಸ್ವಲ್ಪ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಕಡೆ 1 ಕಿಲೋವ್ಯಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ಅದು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 1902ರ ಆರು ಜನರೇಟರುಗಳ ಒಟ್ಟು ಸಾಮರ್ಥ್ಯ 4,320 ಕಿಲೋವ್ಯಾಟ್. ಮನೆಗೆ 3 ಕಿಲೋವ್ಯಾಟಿನಂತೆ 1,440 ಮನೆಗಳ ಮಿದ್ದೆ ಸೇರಿದರೆ ಅದೇ ಅಂಕಿ. ಆದರೆ ನೀರು ಹಗಲು ರಾತ್ರಿ ಹರಿಯುತ್ತದೆ. ಇಡೀ ದಿನ ಪೂರ್ಣವಾಗಿ ನಡೆದರೆ ಆ ಜನರೇಟರುಗಳು ಕೊಡುವುದು 1,03,680 ಯೂನಿಟ್. ಅಷ್ಟನ್ನು ಬಿಸಿಲಿನಿಂದ ಪಡೆಯಲು 8,640 ಮನೆಗಳು ಬೇಕು. ಚಿನ್ನದ ಗಣಿಗೆ ಅಂದು ಬಂದ ಇಡೀ ಶಕ್ತಿಗೆ ಇಂದು ಒಂದು ಪಟ್ಟಣದ ಮಿದ್ದೆಗಳು ಸಾಕೆಂದಾಯಿತು.

ಕೋಲಾರದ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಅದಕ್ಕೇ ಇಲ್ಲಿ ಫಲಕವನ್ನು ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ವಾಲಿಸುತ್ತಾರೆ. ಫಲಕಕ್ಕೆ ಬೆಳಕು ಬೇಕು, ಶಾಖ ಬೇಡ. 25 ಡಿಗ್ರಿಗಿಂತ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇಕಡ 0.4ರಷ್ಟು ಇಳಿಯುತ್ತದೆ. ಎತ್ತರದ ಪ್ರಸ್ಥಭೂಮಿಯ ಮೇಲಿರುವ ಕೋಲಾರಕ್ಕೆ ರಾಯಚೂರಿಗಿಂತ ಈ ಅನುಕೂಲ ಇದೆ. ಅನನುಕೂಲವೂ ಇದೆ. ಮುಳಬಾಗಿಲಿನ ಹೆದ್ದಾರಿಯ ಪಕ್ಕದ ಮನೆಯ ಫಲಕದ ಮೇಲೆ ಧೂಳು ಕೂರುತ್ತದೆ. ತೊಳೆಯಲು ನೀರು ಬೇಕು. ಸಾವಿರ ಅಡಿ ಆಳದಿಂದ ಬರುವ ಇಲ್ಲಿನ ಬೋರ್‌ವೆಲ್ ನೀರು ಗಡಸು. ಆರಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ. ಬೆಳಿಗ್ಗೆ ಗಾಜು ತಣ್ಣಗಿರುವಾಗ ತೊಳೆದು, ನೀರು ಒಣಗುವ ಮೊದಲೇ ಮೆತ್ತನೆಯ ಬಟ್ಟೆಯಿಂದ ಒರೆಸಿಬಿಡಬೇಕು. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ.

ಇನ್ನು ಇಂದಿನ ಏರ್ಪಾಡು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 'ಪಿ.ಎಂ. ಸೂರ್ಯಘರ್' ಯೋಜನೆಯನ್ನು ಆರಂಭಿಸಿತು. ಗುರಿ 1 ಕೋಟಿ ಮನೆ. ಮೊದಲ 2 ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು ಹೆಚ್ಚೆಂದರೆ 78 ಸಾವಿರ ರೂಪಾಯಿ ಸಹಾಯಧನ. 3 ಕಿಲೋವ್ಯಾಟಿಗೆ ಒಂದೂವರೆಯಿಂದ ಎರಡು ಲಕ್ಷ ರೂಪಾಯಿ ಖರ್ಚು ಬರುತ್ತದೆ. ಉಳಿದದ್ದಕ್ಕೆ ಬ್ಯಾಂಕ್ ಸಾಲ. ಇತ್ತ ನಮ್ಮ ರಾಜ್ಯದಲ್ಲಿ 2023ರ ಜುಲೈ ತಿಂಗಳ ಬಳಕೆಯಿಂದ 'ಗೃಹಜ್ಯೋತಿ' ಜಾರಿಗೆ ಬಂತು. 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು ಬಳಕೆ ಉಚಿತ. ಎರಡೂ ಜನರ ಅನುಕೂಲಕ್ಕೆ ಬಂದವೇ. ಆದರೆ ಒಂದರ ಪಕ್ಕ ಒಂದನ್ನಿಟ್ಟು ನೋಡಿ. ತಿಂಗಳಿಗೆ 60 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುವ ಮನೆಯವರು ಲಕ್ಷ ರೂಪಾಯಿ ಹಾಕಿ ಫಲಕ ಏಕೆ ಇಟ್ಟುಕೊಳ್ಳಬೇಕು? ಅವರಿಗೆ ಉಳಿತಾಯವೇ ಇಲ್ಲ. ಫಲಕದಿಂದ ನಿಜವಾದ ಲಾಭ 200 ಯೂನಿಟ್ ಮೀರಿ ಬಳಸುವ, ದೊಡ್ಡ ತಾರಸಿಯಿರುವ, ಸಾಲ ಸುಲಭವಾಗಿ ಸಿಗುವ ಮನೆಗೆ. ಸರ್ಕಾರದ ಬೊಕ್ಕಸದ ಕಡೆಯಿಂದ ನೋಡಿದರೂ, ಬಡವರ ಮನೆಯ ವಿದ್ಯುತ್ತಿಗೆ ವರ್ಷ ವರ್ಷವೂ ಕೊಡುವ ಹಣದಲ್ಲಿ ಒಂದು ಪಾಲನ್ನು ಒಮ್ಮೆಗೇ ಅವರ ಮಿದ್ದೆಯ ಫಲಕಕ್ಕೆ ಹಾಕಿದರೆ ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಭಾಗ್ಯಜ್ಯೋತಿ ಒಂದು ಬಲ್ಬಿನ ಮಟ್ಟದಲ್ಲಿ ಮಾಡಿದ್ದು ಇಂಥದ್ದನ್ನೇ: ಜೋಡಣೆಯ ಖರ್ಚನ್ನು ಸರ್ಕಾರವೇ ಹೊತ್ತಿತು. ನನಗೆ ಇದು ಯೋಚಿಸತಕ್ಕ ದಾರಿಯೆಂದು ತೋರುತ್ತದೆ.

ಅದಕ್ಕೂ ಮೊದಲು, ಮಿದ್ದೆಯೇ ಇಲ್ಲದವರ ಮಾತು. ಮಾಲೂರು ಹಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಅಲ್ಲಿನ ಹಂಚು ಎಷ್ಟೋ ಊರಿನ ಮನೆಗಳಿಗೆ ನೆರಳಾಗಿದೆ. ಆದರೆ ಹಂಚಿನ ಮಾಡಿನ ಮೇಲೆ ಫಲಕ ಕೂರಿಸುವುದು ತ್ರಾಸದ ಕೆಲಸ. ಹಂಚು ತೆಗೆದು ಕೆಳಗಿನ ಮರಕ್ಕೆ ಕೊಕ್ಕೆ ಹಾಕಬೇಕು, ಮರ ಹಳೆಯದಾದರೆ ಭಾರ ತಡೆಯದು, ಒಡೆದ ಹಂಚಿನಿಂದ ಸೋರಿಕೆ ಬೇರೆ. 35 ವ್ಯಾಟಿನ ಒಂದು ಫಲಕವನ್ನು ಹಂಚಿನ ಮೇಲೆ ಕಂಬ ನೆಟ್ಟು ನಿಲ್ಲಿಸಬಹುದಾಗಿತ್ತು. 3 ಕಿಲೋವ್ಯಾಟನ್ನು ಹಾಗೆ ನಿಲ್ಲಿಸಲಾಗದು. ಶೀಟಿನ ಮನೆಯ ಕಥೆಯೂ ಇದೇ. ಕೋಲಾರ ಪಟ್ಟಣದಲ್ಲೂ ನರಸಾಪುರದ ಕೈಗಾರಿಕಾ ಪ್ರದೇಶದ ಸುತ್ತಲೂ ಬಾಡಿಗೆ ಮನೆಗಳಲ್ಲಿರುವ ಕಾರ್ಮಿಕರನ್ನು ನೋಡಿ. ಬಿಲ್ಲು ಕಟ್ಟುವವರು ಅವರು, ಮಿದ್ದೆ ಮಾಲೀಕನದು. ಮಾಲೀಕನಿಗೆ ಬಿಲ್ಲಿನ ಚಿಂತೆಯಿಲ್ಲ, ಬಾಡಿಗೆದಾರನಿಗೆ ಮಿದ್ದೆಯ ಹಕ್ಕಿಲ್ಲ. ನಾಲ್ಕು ಸಂಸಾರಕ್ಕೆ ಒಂದೇ ತಾರಸಿಯಿದ್ದರೆ ಪಾಲು ಹೇಗೆ?

ಇದಕ್ಕೆ ಉತ್ತರ ಇಲ್ಲದಿಲ್ಲ. ಊರಿನ ಶಾಲೆಯ ಅಥವಾ ಪಂಚಾಯತಿ ಕಟ್ಟಡದ ಮೇಲೆ ಫಲಕ ಇಟ್ಟು, ಅದರ ಯೂನಿಟ್ಟುಗಳನ್ನು ಹಲವು ಮನೆಗಳ ಬಿಲ್ಲಿಗೆ ಕಾಗದದ ಮೇಲೆ ಹಂಚುವ ಪದ್ಧತಿಯೊಂದಿದೆ. ದೆಹಲಿಯ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ನಿಯಮ ಮಾಡಿತು. ಇದರಲ್ಲಿ ವಿದ್ಯುತ್ತು ಹರಿಯುವ ದಾರಿ ಬದಲಾಗುವುದಿಲ್ಲ. ಬದಲಾಗುವುದು ಬಿಲ್ಲಿನ ಲೆಕ್ಕ. ಹಂಚಿನ ಮನೆಯವರಿಗೂ ಬಾಡಿಗೆಯವರಿಗೂ ಇಂಥ ಪಾಲು ಕೊಡಬಹುದು. ಅದಕ್ಕೆ ಬೇಕಾದದ್ದು ಒಂದು ಕರಾರು.

ನಿಮ್ಮಿಂದ ಒಂದು ಕೆಲಸ ಆಗಬೇಕು. ಮುಂದಿನ ಭಾನುವಾರ ನಿಮ್ಮ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಒಂದು ಪಟ್ಟಿ ಮಾಡಿ. ತಾರಸಿ ಎಷ್ಟು, ಹಂಚು ಎಷ್ಟು, ಶೀಟು ಎಷ್ಟು. ಸ್ವಂತ ಎಷ್ಟು, ಬಾಡಿಗೆ ಎಷ್ಟು. ಮಧ್ಯಾಹ್ನ ಹನ್ನೆರಡಕ್ಕೆ ಯಾವ ಮನೆಯ ಮೇಲೆ ಮರದ ನೆರಳಿದೆ, ನೀರಿನ ಟ್ಯಾಂಕಿನ ನೆರಳಿದೆ. ಒಪ್ಪಿದವರ ಕರೆಂಟು ಬಿಲ್ಲು ಕೇಳಿ ಯೂನಿಟ್ಟಿನ ಅಂಕಿ ಬರೆದುಕೊಳ್ಳಿ, ಹೆಸರು ಬೇಡ. ಹತ್ತಿರದ ಸರ್ಕಾರಿ ಶಾಲೆಯ ಮಾಳಿಗೆಯನ್ನು ಅಳೆದು, 100 ಚದರ ಅಡಿಗೆ ದಿನಕ್ಕೆ 4 ಯೂನಿಟ್ಟಿನಂತೆ ಗುಣಿಸಿ, ಮಿದ್ದೆಯಿಲ್ಲದ ಎಷ್ಟು ಮನೆಗೆ ಅದು ಸಾಕಾದೀತೆಂದು ನೋಡಿ. ಪಟ್ಟಿಯನ್ನು ನಮಗೆ ಕಳಿಸಿ, ಅದರ ಒಂದು ಪ್ರತಿಯನ್ನು ನಿಮ್ಮ ಗ್ರಾಮ ಪಂಚಾಯತಿಗೋ ಪುರಸಭೆಗೋ ಕೊಟ್ಟು ಬನ್ನಿ.